ಲೆಕ್ಕಣಿಕೆಯಿಂದ ರತ್ನಂ ಪೆನ್ನಿಗೆ

ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿ, ಮುಂದೆ ಕನ್ನಡ ನಾಡನ್ನೆಲ್ಲ ನಗಿಸಿದ ಬೀಚಿಯವರ ಪೂರ್ಣ ಹೆಸರು ರಾಯಸಂ ಭೀಮಸೇನರಾಯರೆಂಬುದು ವಾಚಕರಲ್ಲಿ ಅನೇಕರಿಗೆ ತಿಳಿದಿರುವುದೇ. ಆ ‘ರಾಯಸಂ’ ಎಂಬ ಮನೆತನದ ಹೆಸರಿನಲ್ಲಿ ಒಂದು ಹಳೆಯ ಕಥೆಯಿದೆ. ರಾಯಸವೆಂದರೆ ಅರಸರ ಅಪ್ಪಣೆಗಳನ್ನೂ ಪತ್ರಗಳನ್ನೂ ಬರೆಯುವ ಉದ್ಯೋಗ. ವಿಜಯನಗರದ ಅರಮನೆಯಲ್ಲಿ ರಾಯಸದವರಿದ್ದರು. ಅದು ಅಳಿದ ಮೇಲೆ ತಲೆಯೆತ್ತಿದ ಪಾಳೆಯಗಾರರ ಚಾವಡಿಗಳಲ್ಲಿಯೂ ಬರೆಯುವವರು ಬೇಕಾಗಿದ್ದರು. ಮಡಕೆ ಮಾಡುವುದು, ಕಬ್ಬಿಣ ಕಾಯಿಸುವುದು ಹೇಗೆ ಕೆಲವು ಮನೆಗಳ ಕಸುಬೋ ಬರೆಯುವುದೂ ಹಾಗೆಯೇ ಕೆಲವು ಮನೆಗಳ ಕಸುಬು. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿಗಳ ಈ ಜೋಳ, ಹತ್ತಿ, ಶೇಂಗಾದ ಸೀಮೆಯಲ್ಲಿ ಉಳಿದವರು ಬರೆಯಿಸಿಕೊಂಡವರೇ ಹೊರತು ಬರೆದವರಲ್ಲ. ಬರಹ ಆ ಕೆಲವು ಮನೆಗಳಿಂದ ಹೊರಬಿದ್ದುದು ಹೇಗೆ ಎಂದು ಕೇಳಿದರೆ ಶಾಲೆ ಬಂತು, ಅಚ್ಚು ಬಂತು ಎಂದು ಉತ್ತರ ಕೊಡುತ್ತೇವೆ. ಉತ್ತರ ಸರಿಯೇ. ಅದರ ಜತೆಗೆ ಇನ್ನೊಂದು ಸಣ್ಣ ಸಾಮಾನನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ನನ್ನ ವಾದ. ಅದು ಜೇಬಿನ ಪೆನ್ನು; ಅದರಲ್ಲಿಯೂ ನಮ್ಮ ದೇಶದಲ್ಲಿಯೇ ಕೈಯಿಂದ ಕಡೆದು ಮಾಡಿದ ಎಬೊನೈಟಿನ ಕರಿಯ ಪೆನ್ನು.

ಪೆನ್ನಿಗೆ ಬರುವ ಮುಂಚೆ ಅದು ಯಾವುದರ ಸ್ಥಾನವನ್ನು ಹಿಡಿಯಿತೆಂಬುದನ್ನು ನೋಡಬೇಕು. ‘ಕಡತ’ವೆಂದರೆ ಇಂದು ಕಚೇರಿಯ ಫೈಲು. ಹಿಂದೆ ಅದು ನಿಜವಾಗಿ ಒಂದು ಬಟ್ಟೆ. ಹುಣಸೆಬೀಜದ ಅಂಟಿನಲ್ಲಿ ಇದ್ದಿಲಪುಡಿ ಕಲಸಿ ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅಂಗಡಿಯವರ ಸಾಲ, ಊರಿನ ಕಂದಾಯ, ದೇವಸ್ಥಾನದ ಉಂಬಳಿ ಎಲ್ಲವೂ ಆ ಕಪ್ಪು ಬಟ್ಟೆಯ ಮೇಲೆ ಬಿಳಿಯ ಅಕ್ಷರವಾಗಿ ಕೂತಿರುತ್ತಿದ್ದವು. ಅಳಿಸಿ ಮತ್ತೆ ಬರೆಯಬಹುದಾದದ್ದು ಅದರ ಗುಣ, ದೋಷವೂ ಅದೇ. ಕಾಗದದ ಮೇಲೆ ಬರೆಯುವುದಾದರೆ ಲೆಕ್ಕಣಿಕೆ. ಹೊಳೆದಂಡೆಯ ಜೊಂಡಿನ ಕಡ್ಡಿಯನ್ನು ಓರೆಯಾಗಿ ಕೆತ್ತಿ, ಮೊನೆಯನ್ನು ಸೀಳಿದರೆ ಲೆಕ್ಕಣಿಕೆ ಸಿದ್ಧ. ಶಾಯಿಗೆ ದೀಪದ ಕಾಡಿಗೆ, ಜಾಲಿಯ ಅಂಟು, ನೀರು. ಕರಿಭೂಮಿಯಲ್ಲಿ ಜಾಲಿಗೇನು ಬರ? ಖರ್ಚಿಲ್ಲದ ಸಾಧನ, ಊರಿನದೇ ಸಾಧನ. ಓರೆ ಮೊನೆಯಾದ್ದರಿಂದ ಅಕ್ಷರದಲ್ಲಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವು. ನಮ್ಮ ‘ಕ’ಕಾರದ ಹೊಟ್ಟೆಗೆ ಅದರಿಂದ ಬರುವ ತುಂಬು ಬೇರೆ ಯಾವುದರಿಂದಲೂ ಬಾರದು.

ಇಷ್ಟೆಲ್ಲ ಗುಣವಿದ್ದ ಲೆಕ್ಕಣಿಕೆಗೆ ಒಂದು ಮಿತಿಯಿತ್ತು. ನಾಲ್ಕು ಮಾತಿಗೊಮ್ಮೆ ಅದನ್ನು ಮಸಿಕುಡಿಕೆಯಲ್ಲಿ ಅದ್ದಬೇಕು. ಆದ್ದರಿಂದ ಕುಡಿಕೆ ಬೇಕು. ಕುಡಿಕೆ ಉರುಳದಂತೆ ಸಮನೆಲ ಬೇಕು. ಕೂಡಲು ಚಾಪೆ, ತೊಡೆಯ ಮೇಲೆ ಹಲಗೆ, ಒದ್ದೆ ಅಕ್ಷರಕ್ಕೆ ಉದುರಿಸಲು ನಯವಾದ ಮರಳು, ಮೇಲೊಂದು ಸೂರು ಬೇಕು. ಅಂದರೆ ಬರಹಕ್ಕೆ ಒಂದು ಸ್ಥಳ ಬೇಕು. ಆ ಸ್ಥಳವೇ ಶ್ಯಾನುಭೋಗರ ಪಡಸಾಲೆ. ಬರೆಯಿಸಿಕೊಳ್ಳಬೇಕಾದವನು ಹೊಲ ಬಿಟ್ಟು ಅಲ್ಲಿಗೆ ಹೋಗಬೇಕು. ಮೆಟ್ಟಿಲ ಕೆಳಗೆ ನಿಲ್ಲಬೇಕು. ಬರೆದದ್ದನ್ನು ಓದಿ ಹೇಳಿದರೆ ಕೇಳಬೇಕು, ಹೇಳದಿದ್ದರೆ ಇಲ್ಲ. ಎಲ್ಲ ಶ್ಯಾನುಭೋಗರೂ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಊರಿನ ನೆನಪೆಲ್ಲ ಅವರ ಕೈಬರಹದಿಂದಲೇ ಉಳಿದುಬಂದಿದೆ. ಆದರೆ ಸಾಧನವೇ ಒಂದು ಕಡೆ ಕೂತುಬಿಟ್ಟರೆ ಅಧಿಕಾರವೂ ಅಲ್ಲಿಯೇ ಕೂತುಬಿಡುತ್ತದೆ.

1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟನು. ದತ್ತಮಂಡಲವೆಂಬ ಹೆಸರು ಬಂದುದು ಆಗಲೇ. 1807ರವರೆಗೆ ಇದನ್ನು ಆಳಿದ ಥಾಮಸ್ ಮನ್ರೋ ರೈತವಾರಿ ಪದ್ಧತಿಯನ್ನು ಊರಿಸಿದ. ನಡುವೆ ಜಮೀನುದಾರನಿಲ್ಲದೆ ಪ್ರತಿಯೊಬ್ಬ ರೈತನ ಹೊಲ ಅಳೆದು, ಅವನ ಹೆಸರಿನಲ್ಲಿಯೇ ಕಂದಾಯ ಗೊತ್ತುಮಾಡಿ ಪಟ್ಟ ಕೊಡುವ ಏರ್ಪಾಡು ಅದು. ರೈತನಿಗೂ ಸರಕಾರಕ್ಕೂ ನೇರ ಸಂಬಂಧವೆಂದು ಪುಸ್ತಕಗಳು ಹೊಗಳುತ್ತವೆ. ಆ ನೇರ ಸಂಬಂಧದ ನಡುವೆ ಒಂದು ಲೆಕ್ಕಣಿಕೆ ಕೂತಿದ್ದುದನ್ನು ಮರೆಯಬಾರದು. ಒಬ್ಬ ಪಾಳೆಯಗಾರನ ಒಂದು ಲೆಕ್ಕವಿದ್ದ ಕಡೆ ಸಾವಿರ ರೈತರ ಸಾವಿರ ಲೆಕ್ಕವಾಯಿತು. ಬರಹ ಹೆಚ್ಚಿತು, ಬರೆಯುವವರ ಸಂಖ್ಯೆ ಅದಕ್ಕೆ ತಕ್ಕಂತೆ ಹೆಚ್ಚಲಿಲ್ಲ. ರೈತನ ಪಾಲಿಗೆ ಬಂದುದು ಹೆಬ್ಬೆಟ್ಟಿನ ಗುರುತು.

ಇನ್ನು ಪೆನ್ನಿನ ಕಡೆ ಬರೋಣ. ಕಿರಿಬಾಯಿಯ ಸೀಸೆಯನ್ನು ತಲೆಕೆಳಗು ಮಾಡಿದರೆ ನೀರು ಒಂದೇ ಸಮನೆ ಬೀಳುವುದಿಲ್ಲ; ಗಾಳಿ ಒಳಗೆ ಹೋಗುವುದಕ್ಕೆ ತಡೆದು ತಡೆದು ಗಳಗಳ ಎನ್ನುತ್ತದೆ. ಫೌಂಟನ್ ಪೆನ್ನಿನ ತೊಡಕೆಲ್ಲ ಇಷ್ಟೇ: ಹನಿ ಶಾಯಿ ಹೊರಬಂದಷ್ಟೇ ಗಾಳಿ ಒಳಕ್ಕೆ ಹೋಗಬೇಕು, ಹೆಚ್ಚಾದರೆ ಕಾಗದದ ಮೇಲೆ ಕೆರೆ, ಕಡಮೆಯಾದರೆ ಬರಗಾಲ. ಅಮೆರಿಕದ ಲೂಯಿ ವಾಟರ್‌ಮನ್ 1884ರಲ್ಲಿ ಪಡೆದ ಪೇಟೆಂಟಿನ ಸಾರ, ನಿಬ್ಬಿನ ಕೆಳಗಿನ ನಾಲಗೆಯಂಥ ತುಂಡಿನಲ್ಲಿ ಕೂದಲೆಳೆಯಷ್ಟು ಸಣ್ಣ ಸೀಳುಗಳನ್ನು ಕೊರೆದದ್ದು. ಆ ಸೀಳುಗಳಲ್ಲಿ ಶಾಯಿ ತಾನಾಗಿ ಹರಿದು ಕೆಳಗಿಳಿಯುತ್ತದೆ. ಮೇಲಿನ ಕಾಲುವೆಯಲ್ಲಿ ಗಾಳಿ ಹತ್ತುತ್ತದೆ. ಈ ನಾಲಗೆಗೆ ಬಹುಕಾಲ ಎಬೊನೈಟಿಗಿಂತ ಒಳ್ಳೆಯ ವಸ್ತು ಸಿಗಲಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ಶಾಯಿ ಕೆಸುವಿನೆಲೆಯ ನೀರಿನಂತೆ ಗುಂಡಾಗಿ ನಿಲ್ಲುವ ಹಟ ಮಾಡುತ್ತದೆ. ಎಬೊನೈಟಿನ ಮೇಲೆ ಹರಡಿಕೊಳ್ಳುತ್ತದೆ.

ಎಬೊನೈಟು ಮರವೂ ಅಲ್ಲ, ಕೊಂಬೂ ಅಲ್ಲ, ರಬ್ಬರು. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಅಂಟುತನ ಬಿಟ್ಟು ಗಟ್ಟಿಯಾಗುವುದೆಂಬುದು ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ಸತ್ಯ. 1844ರಲ್ಲಿ ಅವನಿಗೆ ಪೇಟೆಂಟು ಸಿಕ್ಕಿತು. ನೂರು ಪಾಲು ರಬ್ಬರಿಗೆ ಎರಡು ಮೂರು ಪಾಲು ಗಂಧಕವಾದರೆ ಬಾಗುವ, ಎಳೆಯುವ ಸಾಮಾನ್ಯ ರಬ್ಬರು. ಮೂವತ್ತು ನಲವತ್ತು ಪಾಲು ಹಾಕಿ ಗಂಟೆಗಟ್ಟಲೆ ಬೇಯಿಸಿದರೆ ಕಲ್ಲಿನಂಥ ಕರಿಯ ವಸ್ತು. ಅದರ ಪೇಟೆಂಟು 1851ರಲ್ಲಿ ತಮ್ಮ ನೆಲ್ಸನ್ ಗುಡ್‌ಇಯರನ ಹೆಸರಿನಲ್ಲಾಯಿತು. ಎಬನಿ ಎಂಬ ಕಪ್ಪು ಮರದಂತೆ ಕಾಣುವುದರಿಂದ ಎಬೊನೈಟೆಂದು ಹೆಸರು. ಬಾಚಣಿಗೆ, ಹುಕ್ಕಾದ ಬಾಯಿ, ಬ್ಯಾಟರಿಯ ಪೆಟ್ಟಿಗೆ ಎಲ್ಲದಕ್ಕೂ ಇದೇ ಒದಗಿತು. ಕೃತಕ ಹಲ್ಲು ಕೂಡಿಸುವ ದವಡೆಯೂ ಈ ಜಾತಿಯ ರಬ್ಬರಿನದೇ ಆಗಿತ್ತು. ಆದ್ದರಿಂದ ತಾತನ ಹಲ್ಲಿನ ಸೆಟ್ಟೂ ಮೊಮ್ಮಗನ ಪೆನ್ನೂ ಒಂದೇ ಕುಲದವೆಂದರೆ ತಪ್ಪಿಲ್ಲ. ಆಮ್ಲವಿರುವ ಶಾಯಿಗೆ ಇದು ಹೆದರುವುದಿಲ್ಲ. ಕೈಗೆ ಲೋಹದಂತೆ ತಣ್ಣಗೆ ಹತ್ತುವುದಿಲ್ಲ. ತೊಡೆಗೆ ಉಜ್ಜಿದರೆ ಕಾಗದದ ಚೂರುಗಳನ್ನು ಎಳೆಯುತ್ತದೆ, ಮೂಸಿದರೆ ಗಂಧಕದ ಕಮಟು. ಬಿಸಿಲು ಮಾತ್ರ ಇದರ ಶತ್ರು. ವರ್ಷಗಟ್ಟಲೆ ಬೆಳಕಿಗೆ ಬಿದ್ದರೆ ಮೇಲ್ಮೈ ಕಂದುಬಣ್ಣಕ್ಕೆ ತಿರುಗುತ್ತದೆ.

ಪಶ್ಚಿಮದ ದೊಡ್ಡ ಕಂಪನಿಗಳು 1920ರ ದಶಕದಲ್ಲಿಯೇ ಎಬೊನೈಟನ್ನು ಬಿಟ್ಟು ಬಣ್ಣ ಬಣ್ಣದ ಸೆಲ್ಯುಲಾಯ್ಡಿಗೆ ಹೊರಳಿದವು. ಅವರು ಕೈಬಿಡುತ್ತಿದ್ದ ಕಾಲಕ್ಕೆ ನಮ್ಮವರು ಕೈಹಿಡಿದರು. ಇದನ್ನು ಹಿಂದುಳಿದುದೆಂದು ಕರೆಯಲು ನಾನೊಪ್ಪೆ. ಸೆಲ್ಯುಲಾಯ್ಡು ಬೇಗ ಹೊತ್ತಿಕೊಳ್ಳುವ ವಸ್ತು. ಎಬೊನೈಟಾದರೋ ಒಂದು ಲೇತು, ನಾಲ್ಕು ಉಳಿ ಇದ್ದವನ ಕೈಗೆಲ್ಲ ಒಲಿಯುತ್ತದೆ. ಗೋದಾವರಿ ತೀರದ ರಾಜಮಹೇಂದ್ರಿಯಲ್ಲಿ (2015ರಿಂದ ಅದರ ಅಧಿಕೃತ ಹೆಸರು ರಾಜಮಹೇಂದ್ರವರಂ) ಚಿನ್ನದ ಕೆಲಸ ಬಲ್ಲ ಕೆ. ವಿ. ರತ್ನಂ ಅವರು ತಮ್ಮ ಸಹೋದರನೊಡನೆ 1932ರಲ್ಲಿ ಪೆನ್ನಿನ ಕಾರ್ಖಾನೆ ತೆರೆದರು. ನನ್ನಯನು ರಾಜರಾಜನರೇಂದ್ರನ ಆಸ್ಥಾನದಲ್ಲಿ ತೆಲುಗು ಮಹಾಭಾರತವನ್ನು ಆರಂಭಿಸಿದ ಊರದು. ಅಕ್ಕಸಾಲಿಗನಿಗೂ ಪೆನ್ನಿಗೂ ಏನು ನಂಟೆಂದು ಕೇಳಬಹುದು. ಪೆನ್ನಿನ ಪ್ರಾಣವಿರುವುದು ನಿಬ್ಬಿನಲ್ಲಿ. ಆ ಕಾಲದ ಶಾಯಿ ಉಕ್ಕನ್ನು ತಿನ್ನುತ್ತಿತ್ತು, ಚಿನ್ನವನ್ನು ತಿನ್ನಲಾರದು. ಉಂಗುರಕ್ಕೆ ಕಲ್ಲು ಕೂಡಿಸುವ ಕಣ್ಣೂ ಚಿನ್ನದ ತಗಡನ್ನು ಬಾಗಿಸುವ ಬೆರಳೂ ಇದ್ದವನಿಗೆ ಅದು ಹತ್ತಿರದ ಕೆಲಸ.

ಗಾಂಧೀಜಿಯ ಪ್ರೇರಣೆಯಿಂದ ಈ ಕೆಲಸ ಶುರುವಾಯಿತೆಂದು ರತ್ನಂ ಮನೆತನದಲ್ಲಿ ಹೇಳಿಕೊಂಡು ಬಂದಿದ್ದಾರೆ. ಗುಂಡುಸೂಜಿಯಿಂದ ಪೆನ್ನಿನವರೆಗೆ ಜನಕ್ಕೆ ಬೇಕಾದುದೇನಾದರೂ ಮಾಡೆಂದು ಅವರು ಹೇಳಿದರಂತೆ. ಕಥೆ ಹೇಗಿದ್ದರೂ ಕಾಗದದ ಸಾಕ್ಷಿಯೊಂದಿದೆ. 1934ರ ಕೊನೆಯಲ್ಲಿ ವರ್ಧಾದಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಹುಟ್ಟಿತು, ಜೆ. ಸಿ. ಕುಮಾರಪ್ಪನವರು ಅದರ ಕಾರ್ಯದರ್ಶಿ. ಅವರ ಮೂಲಕ ರತ್ನಂ ಅವರು ಗಾಂಧೀಜಿಗೆ ಒಂದು ಪೆನ್ನು ಮುಟ್ಟಿಸಿದರು. 1935ರ ಜುಲೈ 16ರಂದು ಗಾಂಧೀಜಿ ವರ್ಧಾದಿಂದ ಬರೆದ ಉತ್ತರ ಬಂತು. ಪೆನ್ನನ್ನು ಬಳಸಿ ನೋಡಿದೆ, ಪೇಟೆಯಲ್ಲಿ ಸಿಗುವ ವಿದೇಶಿ ಪೆನ್ನುಗಳ ಬದಲಿಗೆ ಇದಾಗಬಹುದು ಎಂಬಷ್ಟೇ ಅದರ ತಾತ್ಪರ್ಯ. ಅವರ ಮಾತಿನ ಬಿಗಿ ಬಲ್ಲವರಿಗೆ ಇದು ಸಣ್ಣ ಹೊಗಳಿಕೆಯಲ್ಲ.

ಈ ಪತ್ರಕ್ಕೆ ಹದಿನಾರು ತಿಂಗಳ ಮುಂಚೆ, 1934ರ ಮಾರ್ಚ್ ಮೊದಲ ವಾರದಲ್ಲಿ, ಹರಿಜನ ನಿಧಿಯ ಪ್ರವಾಸದಲ್ಲಿದ್ದ ಗಾಂಧೀಜಿ ದಾವಣಗೆರೆಯ ಕಡೆಯಿಂದ ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳ ಮೇಲೆ ಸಂಡೂರಿಗೆ ಹೋಗಿದ್ದರು. ಕೂಡ್ಲಿಗಿಯವರು ಆ ನಂಟನ್ನು ಬಿಡಲಿಲ್ಲ. ಗಾಂಧೀಜಿಯ ಚಿತಾಭಸ್ಮವನ್ನಿರಿಸಿದ ಹುತಾತ್ಮರ ಸ್ಮಾರಕ ಇಂದಿಗೂ ಅಲ್ಲಿದೆ. ನಮ್ಮ ಸೀಮೆಗೂ ರಾಜಮಹೇಂದ್ರಿಗೂ ಇನ್ನೊಂದು ಸಂಬಂಧವನ್ನೂ ನೆನೆಯಬೇಕು. ಆಗ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತದಲ್ಲಿತ್ತು, ಗೋದಾವರಿ ಸೀಮೆಯೂ ಅದರಲ್ಲಿಯೇ ಇತ್ತು. ಮೈಸೂರಿನವನಿಗೆ ರಾಜಮಹೇಂದ್ರಿ ಪರರಾಜ್ಯ; ಕೊಟ್ಟೂರಿನವನಿಗೆ ಸ್ವಂತ ಪ್ರಾಂತದ ಊರು. ಅಲ್ಲಿನ ಸರಕಾರಿ ಟ್ರೈನಿಂಗ್ ಕಾಲೇಜಿಗೆ ಉಪಾಧ್ಯಾಯರು ದೂರದೂರದಿಂದ ಹೋಗುತ್ತಿದ್ದರು. ಕೊಟ್ಟೂರಿನಿಂದ ಹೊಸಪೇಟೆಗೆ ರೈಲಿತ್ತು. ಹೊಸಪೇಟೆಯಿಂದ ಬಳ್ಳಾರಿ, ಗುಂತಕಲ್ಲು, ಬೆಜವಾಡ.

ಈಗ ಒಂದು ತಂಟೆಯ ಪ್ರಶ್ನೆ. ಈ ಪೆನ್ನು ಎಷ್ಟರ ಮಟ್ಟಿಗೆ ಸ್ವದೇಶಿ? ಎಬೊನೈಟಿನ ವಿದ್ಯೆ ಅಮೆರಿಕದ್ದು. ಶಾಯಿ ಹರಿಯುವ ತಂತ್ರವೂ ಅಲ್ಲಿಯದೇ. ನಿಬ್ಬಿನ ತುದಿಗೆ ಬೆಸೆಯುವ ಇರಿಡಿಯಂ ಜಾತಿಯ ಗಟ್ಟಿ ಲೋಹ ನಮ್ಮ ಗಣಿಗಳಲ್ಲಿ ಸಿಗುವಂಥದಲ್ಲ. ಹಾಗೆ ನೋಡಿದರೆ ಜೊಂಡಿನ ಲೆಕ್ಕಣಿಕೆಯೇ ಅಪ್ಪಟ ಸ್ವದೇಶಿ. ಗ್ರಾಮೋದ್ಯೋಗ ಸಂಘ ಹುಟ್ಟಿದ ಹೊಸದರಲ್ಲಿ ಗಾಂಧೀಜಿಯ ಒಲವು ಇದ್ದುದೂ ಕೈಕಾಗದ, ಹಳ್ಳಿಯ ಶಾಯಿ, ಜೊಂಡಿನ ಲೇಖನಿಗಳ ಕಡೆಗೇ. ಲೆಕ್ಕಣಿಕೆಗೆ ಅಂಗಡಿ ಬೇಡ. ಫೌಂಟನ್ ಪೆನ್ನಿಗಾದರೋ ಕಾಡಿಗೆಯ ಶಾಯಿ ಆಗಿಬರುವುದಿಲ್ಲ. ಕರಗದ ಮಸಿಯ ಕಣಗಳು ಆ ಸಣ್ಣ ಸೀಳುಗಳಲ್ಲಿ ಕೂತು ದಾರಿ ಕಟ್ಟಿಬಿಡುತ್ತವೆ. ಕರಗುವ ಬಣ್ಣದ ಶಾಯಿಯೇ ಬೇಕು, ಅದು ಕಾರ್ಖಾನೆಯಿಂದ ಬರಬೇಕು. ಮುಂಬಯಿಯಲ್ಲಿ ದಾಂಡೇಕರರು 1931ರಲ್ಲಿ ಶಾಯಿಯ ಪುಡಿ ಮತ್ತು ಮಾತ್ರೆಗಳನ್ನು ಮಾಡಲು ತೊಡಗಿದುದೂ ಬಂಗಾಳದಲ್ಲಿ 1934ರಲ್ಲಿ ಸುಲೇಖಾ ಶಾಯಿ ಹುಟ್ಟಿದುದೂ ಈ ಕೊರತೆಯನ್ನು ತುಂಬುವುದಕ್ಕೇ. ಹೀಗೆ ಪೆನ್ನು ಹಿಡಿದವನು ಪಡಸಾಲೆಯಿಂದ ಬಿಡುಗಡೆ ಪಡೆದು ಅಂಗಡಿಗೆ ಕಟ್ಟುಬಿದ್ದ.

ಆದರೂ ನಾನು ಪೆನ್ನಿನ ಪಕ್ಷ. ಅಂಗಡಿಗೆ ಯಾರು ಬೇಕಾದರೂ ಹೋಗಬಹುದು. ಪಡಸಾಲೆಯ ಮೇಲೆ ಯಾರು ಬೇಕಾದರೂ ಕೂಡುವಂತಿರಲಿಲ್ಲ. ಹರಿಜನ ನಿಧಿಗಾಗಿ ನಮ್ಮ ಊರುಗಳ ಮೇಲೆ ಹಾದುಹೋದವರ ಹೆಸರಿನಲ್ಲಿ ಈ ವಾದ ಮಾಡುವಾಗ ಇದನ್ನು ಬಿಟ್ಟು ಮಾತಾಡಲಾಗದು. ಸ್ವದೇಶಿಯನ್ನು ವಸ್ತುವಿನ ಹುಟ್ಟಿದೂರಿನಿಂದ ಮಾತ್ರ ಅಳೆದರೆ ರತ್ನಂ ಪೆನ್ನಿಗೆ ಅರ್ಧ ಅಂಕ. ಅದರಲ್ಲಿ ಬೆರೆತ ಕೈಗೆಲಸದಿಂದ ಅಳೆದರೆ ಲೆಕ್ಕ ಬದಲಾಗುತ್ತದೆ. ಆ ಕೈಗೆಲಸವನ್ನು ಹತ್ತಿರ ಕೂತು ನೋಡುವ ಅವಕಾಶ ರಾಜಮಹೇಂದ್ರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ಸಿಕ್ಕಿತು.

ಕಾರ್ಖಾನೆಯೆಂದರೆ ಒಂದು ಕೋಣೆ. ಎಬೊನೈಟು ಬರುವುದು ಬೆರಳುಗಾತ್ರದ ಉದ್ದ ದಂಡಗಳಾಗಿ, ನೋಡಲು ಅಂದವಿಲ್ಲದೆ ಮಾಸಲಾಗಿ. ಗರಗಸದಿಂದ ಅದನ್ನು ಮೂರಳತೆಯ ತುಂಡುಗಳಾಗಿ ಕತ್ತರಿಸುತ್ತಾರೆ: ಮುಚ್ಚಳಕ್ಕೊಂದು, ಶಾಯಿ ತುಂಬುವ ಕೊಳವೆಗೊಂದು, ಬೆರಳು ಹಿಡಿಯುವ ಕುತ್ತಿಗೆಗೊಂದು. ತುಂಡನ್ನು ಲೇತಿಗೆ ಕೊಟ್ಟು ಮೊದಲು ಒಳಗೆ ಕೊರೆಯುತ್ತಾರೆ. ಹೊರಗಿನ ಅಂದ ಆಮೇಲಿನ ಮಾತು. ಕೊರೆಯುವಾಗ ಅವಸರ ಮಾಡಿದರೆ ಕಾವೇರಿ ರಬ್ಬರು ಮೆತ್ತಗಾಗುತ್ತದೆ, ರಂಧ್ರ ಸೊಟ್ಟಗಾಗುತ್ತದೆ. ಅದಕ್ಕೆ ನಡುನಡುವೆ ಉಳಿಯನ್ನು ಹಿಂದೆಗೆದು ತಣಿಸುತ್ತಾರೆ. ಕರಿಯ ಸುರುಳಿಗಳು ಕೂದಲಿನಂತೆ ಮೊಣಕೈವರೆಗೆ ಏರುತ್ತವೆ. ಕೋಣೆಯೆಲ್ಲ ಗಂಧಕದ ವಾಸನೆ. ಅಲ್ಲಿ ದುಡಿಯುವವರಿಗೆ ಅದು ಗೊತ್ತೇ ಆಗುವುದಿಲ್ಲವಂತೆ.

ಆಮೇಲೆ ತಿರುಪು. ಮುಚ್ಚಳಕ್ಕೂ ಕೊಳವೆಗೂ ಕುತ್ತಿಗೆಗೂ ಒಂದಕ್ಕೊಂದು ಕೂಡುವಂತೆ ತಿರುಪು ಹಾಕಬೇಕು. ಈ ಪೆನ್ನುಗಳಲ್ಲಿ ರಬ್ಬರಿನ ಚೀಲವಿಲ್ಲ, ಒತ್ತುವ ಸನ್ನೆಯಿಲ್ಲ, ಕೊಳವೆಯೇ ದೌತಿ. ಕುತ್ತಿಗೆಯನ್ನು ತಿರುಗಿಸಿ ತೆಗೆದು, ಗಾಜಿನ ಡ್ರಾಪರಿನಿಂದ ಶಾಯಿ ತುಂಬಿ, ಮತ್ತೆ ತಿರುಗಿಸಿ ಮುಚ್ಚಿದರಾಯಿತು. ಕೆಡುವಂಥ ಭಾಗವೇ ಇಲ್ಲದ ಯಂತ್ರ. ತಿರುಪು ಸಡಿಲವಾದರೆ ಅಂಗಿಯ ಜೇಬಿನ ಮೇಲೆ ನೀಲಿ ನಕ್ಷೆ ಮೂಡುತ್ತದೆ. ಹಾಗಾಗದಂತೆ ಕೂಡಿಸುವುದೇ ಕುಶಲತೆ. ಅದರ ಮೇಲೆ ಚೂರು ಗ್ರೀಸು ಸವರಿದರೆ ಇನ್ನೂ ಭದ್ರ. ಕೊಳವೆಯ ಗೋಡೆಯನ್ನು ದಪ್ಪ ಬಿಡುವುದಕ್ಕೂ ಕಾರಣವಿದೆ. ಶಾಯಿ ಮುಗಿಯುತ್ತ ಬಂದಾಗ ಒಳಗೆ ಗಾಳಿಯೇ ಹೆಚ್ಚು. ಹಿಡಿದ ಕೈಯ ಕಾವಿಗೆ ಆ ಗಾಳಿ ಹಿಗ್ಗಿ ಶಾಯಿಯನ್ನು ಹೊರಕ್ಕೆ ನೂಕುತ್ತದೆ. ಬರೆಯುತ್ತಿದ್ದ ಪೆನ್ನು ಇದ್ದಕ್ಕಿದ್ದಂತೆ ಒಂದು ಹನಿ ಕಾರುವುದು ಇದರಿಂದಲೇ. ಎಬೊನೈಟು ಕಾವನ್ನು ಒಳಕ್ಕೆ ಬೇಗ ಬಿಡುವುದಿಲ್ಲವಾದ್ದರಿಂದ ದಪ್ಪ ಗೋಡೆಯ ಪೆನ್ನು ಕಾರುವುದು ಕಡಮೆ. ಬಳ್ಳಾರಿಯ ಏಪ್ರಿಲ್ ತಿಂಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಹೊಳಪು ಕೊಡುವುದು ತಾಳ್ಮೆಯ ಕೆಲಸ. ಒರಟು ಮರಳುಕಾಗದದಿಂದ ತೊಡಗಿ ನುಣುಪಿನದಕ್ಕೆ ಬಂದು, ನೀರು ಹಚ್ಚಿ ಉಜ್ಜಿ, ಕೊನೆಗೆ ಬಟ್ಟೆಯ ಚಕ್ರಕ್ಕೆ ಒಡ್ಡುತ್ತಾರೆ. ಮಾಸಲಾಗಿದ್ದ ದಂಡ ಕೆರೆಯ ಕತ್ತಲ ನೀರಿನಂತೆ ಹೊಳೆಯತೊಡಗುತ್ತದೆ. ಕೆಲವರು ಹೊಳಪು ಬೇಡವೆಂದು ಸಣ್ಣ ಗೆರೆಗಳನ್ನು ಬಿಡಿಸಿಕೊಳ್ಳುತ್ತಾರೆ. ಬೆವರುವ ಕೈಗೆ ಅದೇ ಒಳ್ಳೆಯ ಹಿಡಿತ. ಅಂದದ ಮಾತು ಬಂದರೆ, ಈ ಪೆನ್ನುಗಳ ಆಕಾರದಲ್ಲಿ ಹೊಸದೇನೂ ಇಲ್ಲ. 1910-20ರ ವಿದೇಶಿ ಪೆನ್ನುಗಳನ್ನು ನೋಡಿ ಕಲಿತದ್ದೇ. ಆದರೆ ಕೈಯಿಂದ ಕಡೆದುದರಿಂದ ಎರಡು ಪೆನ್ನು ತದ್ರೂಪವಾಗಿರುವುದಿಲ್ಲ. ಒಂದರ ಮುಚ್ಚಳ ಇನ್ನೊಂದಕ್ಕೆ ಕೂಡುವುದೂ ಅಪರೂಪ. ದೊಡ್ಡ ಕಾರ್ಖಾನೆಯವರು ಇದನ್ನು ದೋಷವೆಂದಾರು.

ನಮ್ಮ ತಂದೆ ಕೊಟ್ಟೂರಿನಲ್ಲಿ ಮೇಷ್ಟರಾಗಿದ್ದರು. ಅವರ ಕರಿಯ ಪೆನ್ನು ಈಗ ನನ್ನಲ್ಲಿದೆ. ಟ್ರೈನಿಂಗಿಗೆಂದು ರಾಜಮಹೇಂದ್ರಿಗೆ ಹೋಗಿದ್ದ ಹಿರಿಯ ಉಪಾಧ್ಯಾಯರೊಬ್ಬರಿಂದ ಅವರು ತರಿಸಿಕೊಂಡದ್ದು. ಜಾತ್ರೆಯಲ್ಲಿ ಹಿತ್ತಾಳೆ ಪಾತ್ರೆಗೆ ಹೆಸರು ಹೊಡೆಯುವವನ ಕೈಲಿ ಅವರು ಕೊಳವೆಯ ಮೇಲೆ ತಮ್ಮ ಹೆಸರನ್ನು ಕೊರೆಸಿದ್ದರು. ಅಕ್ಷರ ಸ್ವಲ್ಪ ಓರೆ. ಒಂದು ಸಲ ತುಂಬಿದರೆ ಹೈಸ್ಕೂಲಿನ ನಲವತ್ತು ಪತ್ರಿಕೆ ತಿದ್ದಿ ಮುಗಿದರೂ ಶಾಯಿ ಉಳಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅದು ಬಳಕೆಯಾದುದು ಅರ್ಜಿಗಳಿಗೆ. ಸಂತೆಯ ದಿನ ಯಾರಾದರೂ ಬಂದು, ಎತ್ತಿನ ಬಂಡಿಯ ಪಕ್ಕದಲ್ಲಿಯೇ ನಿಂತು, “ಮೇಷ್ಟ್ರೆ, ಎರಡು ಮಾತು ಗೀಚಿಕೊಡ್ರಿ” ಎನ್ನುತ್ತಿದ್ದರು. ಬಂಡಿಯ ಹಲಗೆಯ ಮೇಲೆ ಕಾಗದವಿಟ್ಟು ನಿಂತಲ್ಲಿಯೇ ಬರೆದುಕೊಡುತ್ತಿದ್ದರು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಚಾಪೆ, ಕುಡಿಕೆ, ಮೆಟ್ಟಿಲು ಯಾವುದೂ ಬೇಕಾಗಲಿಲ್ಲ.

ಅರ್ಜಿಗಳ ಕಾಲವೇ ಅದು. ತುಂಗಭದ್ರೆಗೆ 1945ರಲ್ಲಿ ಅಣೆಕಟ್ಟಿನ ಕೆಲಸ ಆರಂಭವಾಗಿ 1953ರಲ್ಲಿ ನೀರು ನಿಂತಿತು. ಇಂದಿನ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಭಾಗದಲ್ಲಿ ಹಳ್ಳಿ ಹಳ್ಳಿಗಳೇ ಹಿನ್ನೀರಿನ ಪಾಲಾದವು. ಹೊಲ ಕಳೆದುಕೊಂಡವನಿಗೆ ಎಕರೆಗೆ ಎಷ್ಟು, ಬಾವಿಗೆ ಎಷ್ಟು, ಬೇವಿನ ಮರಕ್ಕೆ ಎಷ್ಟು ಎಂಬುದೆಲ್ಲ ಕಾಗದದ ಮೇಲೆ ತೀರ್ಮಾನವಾಗಬೇಕು. ಮನ್ರೋನ ಕಾಲದಿಂದ ಬಂದ ಪಟ್ಟದಲ್ಲಿ ಹೆಸರು ತಪ್ಪಿದ್ದರೆ ಪರಿಹಾರವೂ ತಪ್ಪಿತು. ಅಂಥ ಹೊತ್ತಿನಲ್ಲಿ ಊರಲ್ಲಿ ಬರೆಯಬಲ್ಲ ಎರಡನೆಯ ಕೈಯೊಂದು, ಶ್ಯಾನುಭೋಗರದಲ್ಲದ ಕೈಯೊಂದು, ಜೇಬಿನಲ್ಲಿ ಪೆನ್ನಿಟ್ಟುಕೊಂಡು ಓಡಾಡುತ್ತಿದ್ದುದು ಎಷ್ಟು ದೊಡ್ಡ ಸಂಗತಿಯೆಂದು ಪಟ್ಟಣದ ವಾಚಕರು ಊಹಿಸಿಕೊಳ್ಳಬೇಕು.

ಅದೇ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗಗಳು ಅತ್ತ ಹೋದವು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಬಳ್ಳಾರಿಯೊಡನೆ ಮೈಸೂರಿಗೆ ಸೇರಿದವು. ರಾಜಮಹೇಂದ್ರಿ ಒಂದೇ ದಿನದಲ್ಲಿ ನಮಗೆ ಪರರಾಜ್ಯವಾಯಿತು. ಗೆರೆ ಎಳೆದ ಮಾತ್ರಕ್ಕೆ ಬರಹದ ಓಡಾಟ ನಿಲ್ಲುವುದಿಲ್ಲವಷ್ಟೆ. ಆ ವರ್ಷವೇ ಕೊಟ್ಟೂರಿನಲ್ಲಿ ಹುಟ್ಟಿದ ಕುಂ. ವೀರಭದ್ರಪ್ಪನವರು ಆಂಧ್ರದ ಹಳ್ಳಿಗಳಲ್ಲಿ ಮೇಷ್ಟರಾಗಿದ್ದುಕೊಂಡು ಕನ್ನಡದ ಕಥೆ ಕಾದಂಬರಿಗಳನ್ನು ಬರೆದರು.

ಮುಂದಿನ ಕಥೆ ಚಿಕ್ಕದು. ಬಾಲ್ ಪೆನ್ನು ಬಂತು. ಶಾಲೆಗಳಲ್ಲಿ ಕೆಲವು ಕಾಲ ಅದಕ್ಕೆ ಬಹಿಷ್ಕಾರವಿತ್ತು, ಕೈಬರಹ ಕೆಡುತ್ತದೆಂದು. ಕೊನೆಗೆ ಅಗ್ಗದ ಮುಂದೆ ಬಹಿಷ್ಕಾರ ಸೋತಿತು. ಜೇಬಿಗೆ ಬರಹವನ್ನು ತಂದ ಕೆಲಸವನ್ನು ಪೆನ್ನು ಆರಂಭಿಸಿತ್ತು, ಬಾಲ್ ಪೆನ್ನು ಮುಗಿಸಿತು; ಅದಕ್ಕಾಗಿ ಮರುಗುವುದು ನನ್ನ ವಾದಕ್ಕೆ ಒಪ್ಪುವುದಿಲ್ಲ. ಕರಿಯ ಪೆನ್ನು ಮಾತ್ರ ಅಳಿಯಲಿಲ್ಲ. ರಾಜಮಹೇಂದ್ರಿಯಲ್ಲಿ ರತ್ನಂ ಜತೆಗೆ 1946ರಿಂದ ಗೈಡರ್ ಪೆನ್ನುಗಳೂ ನಡೆದುಕೊಂಡು ಬಂದಿವೆ. ತಮಿಳುನಾಡಿನ ತಿರುವಳ್ಳೂರಿನಲ್ಲಿ ರಂಗ ಪೆನ್ನುಗಳು. ಹಳ್ಳಿಯ ಮೇಷ್ಟರ ಜೇಬಿನಲ್ಲಿದ್ದ ಸಾಮಾನನ್ನು ಈಗ ಅಮೆರಿಕ, ಯುರೋಪುಗಳ ಶೋಕಿದಾರರು ಅಂಚೆಯಲ್ಲಿ ತರಿಸಿಕೊಳ್ಳುತ್ತಾರೆ. ಬೆಲೆ ಸಾವಿರಗಳಲ್ಲಿ. ಗಾಂಧೀಜಿ ಇದ್ದಿದ್ದರೆ ಈ ವ್ಯಾಪಾರವನ್ನು ಕಂಡು ಏನೆನ್ನುತ್ತಿದ್ದರೋ; ಹೇಗೂ ಆ ಕೋಣೆಯಲ್ಲಿ ಲೇತು ತಿರುಗುತ್ತಿರುವುದು ಇವರ ಹಣದಿಂದಲೇ.

ಅಂದು ನಾನು ನೋಡಿದ ಕುಶಲಕರ್ಮಿಗೆ ಅರವತ್ತು ದಾಟಿತ್ತು. ನಿಬ್ಬನ್ನು ನಾಲಗೆಯ ಮೇಲೆ ಕೂಡಿಸಿ, ಕುತ್ತಿಗೆಗೆ ಒತ್ತಿ, ಶಾಯಿಯಲ್ಲಿ ಅದ್ದಿ ಮೊದಲು ತಾನೇ ಬರೆದು ನೋಡಿದ, ತೆಲುಗಿನಲ್ಲಿ. ಆಮೇಲೆ ನನ್ನ ಕೈಗೆ ಕೊಟ್ಟ. ನಾನು ಕನ್ನಡದಲ್ಲಿ ‘ಕೊಟ್ಟೂರು’ ಎಂದು ಬರೆದೆ. ಎರಡೂ ಲಿಪಿಗಳು ಅಕ್ಕತಂಗಿಯರಾದರೂ ತಲೆಕಟ್ಟಿನಲ್ಲಿ ಬೇರೆ. ತೆಲುಗಿನವರು ಮೇಲಕ್ಕೆ ಚಿಮ್ಮಿಸುವ ಕಡೆ ನಾವು ಅಡ್ಡಕ್ಕೆ ಎಳೆಯುತ್ತೇವೆ. ಆ ಅಡ್ಡಗೆರೆಯಲ್ಲಿ ನಿಬ್ಬು ಕಾಗದವನ್ನು ಕೊಂಚ ಕೆರೆಯಿತು. ನಾನೇನೂ ಹೇಳಲಿಲ್ಲ. ಆತ ಕಾಗದದ ಮೇಲೆ ಕಿವಿಯಿಟ್ಟಂತೆ ಬಾಗಿ ಇನ್ನೊಮ್ಮೆ ಬರೆಯಿಸಿ ಆಲಿಸಿದ. ಪೆನ್ನನ್ನು ವಾಪಸು ತೆಗೆದುಕೊಂಡು, ಭೂತಗನ್ನಡಿ ಕಣ್ಣಿಗಿಟ್ಟು, ತುದಿಯ ಎಡಮಗ್ಗುಲನ್ನು ನಯವಾದ ಕಲ್ಲಿನ ಮೇಲೆ ಎರಡು ಸಲ ತಿರುವಿದ. ಮೂರನೆಯ ಸಲ ಬರೆದಾಗ ಸದ್ದಿರಲಿಲ್ಲ.